ಕಾರವಾರದಲ್ಲಿ ಕೂತು ಡೆಂಗಿ ಲಸಿಕೆಗೆ ತುಣುಕು ಆರಿಸಿದ್ದು

ಮಳೆಗಾಲ ಬಂತೆಂದರೆ ನಮ್ಮ ಕಡೆ ಈಡಿಸ್ ಸೊಳ್ಳೆಗೆ ಮನೆ ಹುಡುಕುವ ಕಷ್ಟವಿಲ್ಲ. ಬಂದರಿನ ದೋಣಿಗಳಿಗೆ ಕಟ್ಟಿದ ಹಳೆ ಟಯರ್, ಹಿತ್ತಲಿನ ಡ್ರಮ್ಮು, ಘಟ್ಟ ಹತ್ತಿ ಶಿರಸಿ ಕಡೆ ಹೋದರೆ ಅಡಿಕೆ ತೋಟದಲ್ಲಿ ಉದುರಿದ ಹಾಳೆ. ಒಂದು ಹಾಳೆಯಲ್ಲಿ ನಿಂತ ನೀರು ಅದಕ್ಕೆ ಸಾಕು. ನಾನು ಕಾರವಾರದಲ್ಲಿ ಬಯೋಟೆಕ್ನಾಲಜಿ ಪಾಠ ಮಾಡುವವಳು. ಮಳೆಗಾಲದಲ್ಲಿ ಜ್ವರ ಅಂತ ರಜೆ ಹಾಕುವ ಮಕ್ಕಳನ್ನು ವರ್ಷವೂ ನೋಡುತ್ತೇನೆ. ವೈರಸ್ ಬೆಳೆಸುವ ಲ್ಯಾಬ್ ನಮ್ಮಲ್ಲಿಲ್ಲ. ಆದರೆ ಡೆಂಗಿಯ ಜೀನೋಮ್ ಜೆನ್‌ಬ್ಯಾಂಕ್ ಎಂಬ ಆನ್‌ಲೈನ್ ಸಂಗ್ರಹದಲ್ಲಿ ಯಾರಿಗೆ ಬೇಕಾದರೂ ಬಿಟ್ಟಿ ಸಿಗುತ್ತದೆ. ಕಂಪ್ಯೂಟರಿನಲ್ಲಿ ಮಾಡಬಹುದಾದಷ್ಟನ್ನು ಮಾಡೋಣ ಅಂತ ಎಂಎಸ್ಸಿ ಮಕ್ಕಳನ್ನು ಕಟ್ಟಿಕೊಂಡು ಕೂತೆ.

ಡೆಂಗಿಯ ಆರ್‌ಎನ್‌ಎ ಸುಮಾರು 10,700 ಅಕ್ಷರದ್ದು. ಅದರಿಂದ ಒಂದೇ ಉದ್ದನೆಯ ಪ್ರೊಟೀನ್ ತಯಾರಾಗಿ, ಆಮೇಲೆ 10 ತುಂಡಾಗುತ್ತದೆ. ಮೂರು ವೈರಸ್‌ನ ಮೈ ಕಟ್ಟುವಂಥವು. ಉಳಿದ ಏಳು ನಮ್ಮ ಜೀವಕೋಶದೊಳಗೆ ಅದರ ಕೆಲಸ ನಡೆಸುವಂಥವು, ಎನ್‌ಎಸ್ ಅಂತ ಕರೆಯುತ್ತಾರೆ. ಈ ಪ್ರೊಟೀನ್‌ಗಳಲ್ಲಿ ನಮ್ಮ ರೋಗನಿರೋಧಕ ಕೋಶಗಳು ಗುರುತು ಹಿಡಿಯುವ ಸಣ್ಣ ತುಣುಕುಗಳಿಗೆ ಎಪಿಟೋಪ್ ಎನ್ನುತ್ತಾರೆ. ಅಂಥವನ್ನು ಆರಿಸಿ ಪೋಣಿಸುವುದೇ ನಮ್ಮ ಕೆಲಸ.

ಡೆಂಗಿಯಲ್ಲಿ ನಾಲ್ಕು ಬಗೆ ಇವೆ. ನಾಲ್ಕಕ್ಕೂ ಒಗ್ಗುವ ಲಸಿಕೆ ಬೇಕಾದರೆ ನಾಲ್ಕರಲ್ಲೂ ಬದಲಾಗದ ಜಾಗ ಹುಡುಕಬೇಕು, ಅಲ್ವಾ? ಭಾರತದಲ್ಲಿ ಸಿಕ್ಕ ತಳಿಗಳನ್ನು ಇಳಿಸಿಕೊಂಡು ಮ್ಯಾಫ್ಟ್ ಪ್ರೋಗ್ರಾಮಿನಲ್ಲಿ ಸಾಲಾಗಿ ಜೋಡಿಸಿದೆವು. ಮೇಲ್ಮೈಯ ಇ ಪ್ರೊಟೀನಿನಲ್ಲಿ 98ನೇ ಅಮೈನೋ ಆಮ್ಲದಿಂದ (ಪ್ರೊಟೀನ್ ಸರದ ಒಂದೊಂದು ಮಣಿ, ಒಂದೊಂದಕ್ಕೂ ಒಂದು ಅಕ್ಷರ) ಒಂದು ಪಟ್ಟಿ ತಟ್ಟನೆ ಕಣ್ಣಿಗೆ ಬಿತ್ತು: ಡಿ-ಆರ್-ಜಿ-ಡಬ್ಲ್ಯೂ-ಜಿ-ಎನ್-ಜಿ-ಸಿ-ಜಿ-ಎಲ್-ಎಫ್-ಜಿ-ಕೆ-ಜಿ. ನಾಲ್ಕೂ ಬಗೆಯಲ್ಲಿ ಒಂದಕ್ಷರ ಆಚೀಚೆ ಇಲ್ಲ. ಸಿದ್ದಾಪುರ ಕಡೆಯವರಿಗೆ ಚೆನ್ನಾಗಿ ಗೊತ್ತಿರುವ ಮಂಗನ ಕಾಯಿಲೆ ಉಣ್ಣೆ ಹುಳದಿಂದ ಬರುತ್ತದೆ, ಸೊಳ್ಳೆಯಿಂದಲ್ಲ. ಆದರೂ ಆ ವೈರಸ್ ಇದೇ ಕುಟುಂಬದ್ದು, ಅದರಲ್ಲೂ ಈ ಜಾಗ ಹೆಚ್ಚು ಕಡಿಮೆ ಹೀಗೇ ಇದೆ.

"ಮೇಡಂ, ಎಲ್ಲದರಲ್ಲೂ ಒಂದೇ ಥರ ಇದೆ. ಇದನ್ನೇ ಹಾಕಿದ್ರೆ ಆಯ್ತಲ್ಲ?" ಅಂತ ಅಂಕೋಲೆಯಿಂದ ಬರುವ ಹುಡುಗಿಯೊಬ್ಬಳು ಕೇಳಿದಳು. ಕೇಳಬೇಕಾದ ಪ್ರಶ್ನೆಯೇ. ಆದರೆ ಅದನ್ನು ಹಾಕಬಾರದು. ಅದು ಫ್ಯೂಷನ್ ಲೂಪ್, ವೈರಸ್ ನಮ್ಮ ಕೋಶದ ಪೊರೆಗೆ ಬೆಸೆದುಕೊಳ್ಳುವ ಭಾಗ. ಅದಕ್ಕೆ ಅಂಟುವ ಆಂಟಿಬಾಡಿಗಳು ನಾಲ್ಕೂ ಬಗೆಗೆ ಅಂಟುತ್ತವೆ ನಿಜ. ಆದರೆ ಬಹಳಷ್ಟು ಸಲ ಅವು ವೈರಸ್ಸನ್ನು ಸರಿಯಾಗಿ ತಡೆಯುವುದಿಲ್ಲ. ಅರೆಬರೆ ಅಂಟಿಕೊಂಡ ಆಂಟಿಬಾಡಿಯನ್ನೇ ಹಿಡಿದು ವೈರಸ್ ನಮ್ಮ ಬಿಳಿ ರಕ್ತಕಣದೊಳಗೆ ಇನ್ನೂ ಸುಲಭವಾಗಿ ನುಗ್ಗುತ್ತದೆ. ಎರಡನೇ ಸಲ ಬೇರೆ ಬಗೆಯ ಡೆಂಗಿ ಬಂದಾಗ ಕಾಯಿಲೆ ಜೋರಾಗಲು ಇದೂ ಒಂದು ಕಾರಣ. 2015ರಲ್ಲಿ ಮೊದಲು ಪರವಾನಗಿ ಪಡೆದ ಡೆಂಗ್ವಾಕ್ಸಿಯಾ ಲಸಿಕೆಯಲ್ಲೂ ಇಂಥದೇ ತೊಡಕು ಕಾಣಿಸಿತು. ಮೊದಲು ಡೆಂಗಿ ಬಾರದವರು ಅದನ್ನು ಹಾಕಿಸಿಕೊಂಡರೆ, ಮುಂದೆ ಸೋಂಕು ತಗುಲಿದಾಗ ಕಾಯಿಲೆ ತೀವ್ರವಾಗುವ ಅಪಾಯ ಜಾಸ್ತಿ ಎಂದು ತಯಾರಕರೇ 2017ರಲ್ಲಿ ಹೇಳಿದರು. ಜರಡಿಯಲ್ಲಿ ಮೇಲೆ ಉಳಿದದ್ದನ್ನೆಲ್ಲ ಬಾಚಿಕೊಳ್ಳುವ ಹಾಗಿಲ್ಲ. ನನ್ನ ಪ್ರಕಾರ ಈ ಕೆಲಸದಲ್ಲಿ ತಲೆ ಓಡಿಸಬೇಕಾದ ಜಾಗ ಇದೇ.

ಹಾಗಾಗಿ ಆಂಟಿಬಾಡಿಗೆ ಬೇಕಾದ ತುಣುಕುಗಳನ್ನು ಇ ಪ್ರೊಟೀನಿನ ಮೂರನೇ ಭಾಗದಿಂದ ತೆಗೆದೆವು. ಅಲ್ಲಿ ನಾಲ್ಕು ಬಗೆಗೂ ವ್ಯತ್ಯಾಸ ಹೆಚ್ಚು, ಅದಕ್ಕೇ ಒಂದೊಂದು ಬಗೆಗೆ ಬೇರೆ ಬೇರೆ ತುಣುಕು. ಸೋಂಕು ತಗುಲಿದ ಕೋಶಗಳನ್ನು ಗುರುತು ಹಿಡಿಯುವ ಟಿ ಕೋಶಗಳಿಗೆ ಎನ್‌ಎಸ್3 ಮತ್ತು ಎನ್‌ಎಸ್5ರ ಕಡೆ ಹೋದೆವು. ಅವು ನಾಲ್ಕರಲ್ಲೂ ಹೆಚ್ಚು ಹೋಲುತ್ತವೆ. ಡೆಂಗ್ವಾಕ್ಸಿಯಾದಲ್ಲಿ ಎನ್‌ಎಸ್ ಪ್ರೊಟೀನ್‌ಗಳು ಹಳದಿ ಜ್ವರದ ವೈರಸ್‌ನವು, ಡೆಂಗಿಯವಲ್ಲ. ಆ ಕೊರತೆಯೂ ನಮ್ಮ ಮನಸ್ಸಿನಲ್ಲಿತ್ತು.

ಟಿ ಕೋಶಕ್ಕೆ ತುಣುಕನ್ನು ತೋರಿಸುವುದು ಎಚ್‌ಎಲ್‌ಎ ಅಣುಗಳು. ಅವು ಜನರಿಂದ ಜನರಿಗೆ ಬೇರೆ. ಬಹಳ ಕಡೆ ಎ-02:01 ಎಂಬ ಎಚ್‌ಎಲ್‌ಎ ಒಂದನ್ನೇ ಮುಂದಿಟ್ಟು ಲೆಕ್ಕ ಹಾಕುತ್ತಾರೆ, ಅದು ಯುರೋಪಿನವರಲ್ಲಿ ಜಾಸ್ತಿ. ನಮ್ಮಲ್ಲಿ ಎ-11:01, ಎ-24:02, ಎ-33:03, ಎ-02:11 ಇಂಥವು ಹೆಚ್ಚು. ಯಾವ ತುಣುಕು ಯಾವ ಎಚ್‌ಎಲ್‌ಎಗೆ ಅಂಟುತ್ತದೆ ಎಂದು ಅಂದಾಜಿಸುವ ನೆಟ್‌ಎಂಎಚ್‌ಸಿಪ್ಯಾನ್ ಪ್ರೋಗ್ರಾಮಿಗೆ ಅವನ್ನೇ ಕೊಟ್ಟೆವು. ರ‍್ಯಾಂಕ್ ಶೇ 0.5ಕ್ಕಿಂತ ಕಡಿಮೆ ಬಂದ (ಕಡಿಮೆಯಾದಷ್ಟು ಅಂಟು ಗಟ್ಟಿ), ಒಂಬತ್ತು ಅಕ್ಷರದ ತುಣುಕುಗಳನ್ನು ಮಾತ್ರ ಇಟ್ಟುಕೊಂಡೆವು. ಇಲ್ಲಿಯ ಮಕ್ಕಳಿಗೆ ಉಪಯೋಗಕ್ಕೆ ಬರಬೇಕಾದ ಲಸಿಕೆಯನ್ನು ಇಲ್ಲಿಯವರ ಎಚ್‌ಎಲ್‌ಎ ಇಟ್ಟೇ ಲೆಕ್ಕ ಹಾಕಬೇಕು. ಇದರಲ್ಲಿ ನನಗೆ ಎರಡು ಮಾತಿಲ್ಲ.

ಆಮೇಲೆ ಪೋಣಿಸುವ ಕೆಲಸ. ಅಬ್ಬಲಿ ದಂಡೆಯಲ್ಲಿ ಹೂವಿನ ನಡುವೆ ಬಾಳೆನಾರಿನ ಗಂಟು ಇರುವ ಹಾಗೆ ತುಣುಕುಗಳ ನಡುವೆ ಎ-ಎ-ವೈ, ಜಿ-ಪಿ-ಜಿ-ಪಿ-ಜಿ ಎಂಬ ಲಿಂಕರ್‌ಗಳು. ಅಲರ್ಜಿ, ವಿಷದ ಪರೀಕ್ಷೆಗೆ ವೆಬ್‌ಸೈಟುಗಳಿವೆ, ಬೇಗ ಮುಗಿಯುತ್ತವೆ. ಆಕಾರ ನೋಡಲು ಕೊಲ್ಯಾಬ್‌ಫೋಲ್ಡ್ ಪ್ರೋಗ್ರಾಮು. ಆಕಾರ ಸರಿಯಿದೆಯೇ ಎಂದು ತೂಗಲು ಜಗತ್ತೆಲ್ಲ ಬಳಸುವುದು 1963ರಲ್ಲಿ ಮದ್ರಾಸಿನಲ್ಲಿ ಜಿ. ಎನ್. ರಾಮಚಂದ್ರನ್ ಮತ್ತು ಜೊತೆಗಾರರು ಕೊಟ್ಟ ನಕ್ಷೆಯನ್ನು. ಅದನ್ನು ಮಕ್ಕಳಿಗೆ ತೋರಿಸುವಾಗ ನನಗೆ ಹೆಮ್ಮೆ ಅನಿಸುತ್ತದೆ.

ಡಾಕಿಂಗ್, ಅಂದರೆ ಎರಡು ಅಣುಗಳು ಹೇಗೆ ಕೂಡುತ್ತವೆ ಎಂದು ಕಂಪ್ಯೂಟರಿನಲ್ಲಿ ನೋಡುವುದರ ಬಗ್ಗೆ ಒಂದು ಎಚ್ಚರಿಕೆ. ಲಸಿಕೆಯ ಮಾದರಿಯನ್ನು ರೋಗಾಣುವಿನ ಸುಳಿವು ಹಿಡಿಯುವ ನಮ್ಮ ಟಿಎಲ್‌ಆರ್ ಗ್ರಾಹಕಕ್ಕೆ ಜೋಡಿಸಿ ಒಳ್ಳೆಯ ಸ್ಕೋರ್ ಬಂತು ಎಂದು ಹಿಗ್ಗುವವರಿದ್ದಾರೆ. ಪ್ರೋಗ್ರಾಮು ಏನು ಕೊಟ್ಟರೂ ಒಂದು ಸ್ಕೋರ್ ಹೇಳುತ್ತದೆ. ಅದಕ್ಕೆ ನಾವು ಅದೇ ಅಮೈನೋ ಆಮ್ಲಗಳನ್ನು ಅಡ್ಡಾದಿಡ್ಡಿ ಕಲಸಿ ಇನ್ನೊಂದು ಮಾದರಿ ಮಾಡಿ, ಅದನ್ನೂ ಡಾಕ್ ಮಾಡಿದೆವು. ಎರಡರ ಸ್ಕೋರ್ ಹತ್ತಿರ ಹತ್ತಿರವೇ ಬಂತು. ಆ ಹಂತವನ್ನು ನಮ್ಮ ವರದಿಯಿಂದಲೇ ತೆಗೆದುಹಾಕಿದೆವು.

ಗ್ರೊಮ್ಯಾಕ್ಸ್‌ನಲ್ಲಿ ಅಣುಗಳ ಓಡಾಟ ನೋಡುವ ಕೆಲಸ ಮಾತ್ರ ರಾತ್ರಿಯಿಡೀ ಓಡಬೇಕು. ಜೋರು ಮಳೆಗೆ ಕರೆಂಟ್ ಹೋಗುವ ಊರಲ್ಲಿ ಅದು ಸುಮ್ನೆ ಆಗುವ ಮಾತಲ್ಲ. ಅದು 15 ನಿಮಿಷಕ್ಕೊಮ್ಮೆ ಚೆಕ್‌ಪಾಯಿಂಟ್ ಫೈಲ್ ಬರೆದಿಡುತ್ತದೆ. ಕರೆಂಟ್ ಬಂದ ಮೇಲೆ ಆ ಫೈಲ್ ಕೊಟ್ಟರೆ ನಿಂತಲ್ಲಿಂದ ಮುಂದುವರಿಯುತ್ತದೆ.

ಇಷ್ಟಾದರೂ ನಮ್ಮ ಕೈಲಿರುವುದು ಒಂದು ಊಹೆ. ಈಗ ಉದ್ದನೆಯ ಸರವನ್ನು ಬದಿಗಿಟ್ಟು, ಎನ್‌ಎಸ್3ರ ಕೆಲವು ತುಣುಕುಗಳನ್ನು ಮಾತ್ರ ಮಾಡಿಸಲು ಕೊಟ್ಟಿದ್ದೇವೆ. ಜೊತೆಗೂಡಿದ ಲ್ಯಾಬಿನವರು ಡೆಂಗಿಯಿಂದ ಗುಣವಾದವರ ಒಪ್ಪಿಗೆ ಪಡೆದು, ಅವರ ರಕ್ತಕಣಗಳ ಜೊತೆ ಅವನ್ನು ಇಡುತ್ತಾರೆ. ಟಿ ಕೋಶ ಗುರುತು ಹಿಡಿದರೆ ಇಂಟರ್‌ಫೆರಾನ್ ಗಾಮಾ ಬಿಡುತ್ತದೆ, ತಟ್ಟೆಯ ಮೇಲೆ ಚುಕ್ಕೆ ಮೂಡುತ್ತದೆ. ಚುಕ್ಕೆ ಮೂಡದ ತುಣುಕು, ಕಂಪ್ಯೂಟರಿನಲ್ಲಿ ಎಷ್ಟೇ ಅಂಕ ತೆಗೆದಿರಲಿ, ಪಟ್ಟಿಯಿಂದ ಹೊರಗೆ.