ನನ್ನ 407ಕ್ಕೆ ಹೊಸ ಡೀಸೆಲ್ ಲೈನ್, ಹೊಸ ಫೀಡ್ ಪಂಪ್

ನನ್ನ ಗಾಡಿ 1998ರ ಟಾಟಾ 407. ಪಾಂಡವಪುರ ಕಡೆಯ ಆಲೆಮನೆಗಳಿಂದ ಮಂಡ್ಯ ಎಪಿಎಂಸಿಗೆ ಬೆಲ್ಲ ಹೊಡೆಯುತ್ತೇನೆ. ಬೆಲ್ಲ ಇಲ್ಲದ ದಿನ ಮದ್ದೂರಿನ ಎಳನೀರು ಮಾರುಕಟ್ಟೆಗೆ ಬಾಡಿಗೆ ಸಿಗುತ್ತದೆ. ಇಂಜಿನ್ ಹಳೆಯ 497, ನಾಲ್ಕು ಸಿಲಿಂಡರ್, 2956 ಸಿಸಿ. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಡೀಸೆಲ್ ಸಿಕ್ಕರೆ ಓಡುತ್ತದೆ, ಸಿಗದಿದ್ದರೆ ನಿಲ್ಲುತ್ತದೆ. ಆದರೂ ಡೀಸೆಲ್ ಯಾಕೆ ಸಿಗುತ್ತಿಲ್ಲ ಅಂತ ಕಂಡುಹಿಡಿಯೋಕೆ ನನಗೆ ನಾಲ್ಕು ತಿಂಗಳು ಬೇಕಾಯಿತು.

ತೊಂದರೆ ಶುರುವಾಗಿದ್ದು ಒಂದು ಡಿಸೆಂಬರ್‌ನಲ್ಲಿ. ಬೆಳಿಗ್ಗೆ ಐದಕ್ಕೆ ಸೆಲ್ಫ್ ಹೊಡೆದರೆ ಇಂಜಿನ್ ತಿರುಗುತ್ತಿತ್ತು, ಹತ್ತುತ್ತಿರಲಿಲ್ಲ. ಬಾನೆಟ್ ಎತ್ತಿ ಹ್ಯಾಂಡ್ ಪ್ರೈಮರನ್ನು (ಕೈಯಿಂದ ಒತ್ತಿ ಡೀಸೆಲ್ ಎಳೆಯುವ ಗುಂಡಿ) ಇಪ್ಪತ್ತು ಸಲ ಒತ್ತಿದರೆ ಒಂದೇ ಏಟಿಗೆ ಸ್ಟಾರ್ಟ್. ಆಮೇಲೆ ಸಂಜೆವರೆಗೂ ಏನೂ ತೊಂದರೆ ಇಲ್ಲ. ಎರಡನೇ ತೊಂದರೆ ಮೇಲುಕೋಟೆ ದಾರಿಯದು. ಜಕ್ಕನಹಳ್ಳಿ ದಾಟಿ ಬೆಟ್ಟ ಹತ್ತುವಾಗ ಗಾಡಿ ಜಗ್ಗುತ್ತಿತ್ತು. ಆಕ್ಸಿಲರೇಟರ್ ತುಳಿದರೂ ಉಸಿರು ಕಟ್ಟಿದ ಹಾಗೆ. ಟ್ಯಾಂಕ್ ತುಂಬಿದ್ದಾಗ ಹೀಗೆ ಆಗುತ್ತಿರಲಿಲ್ಲ. ಅರ್ಧಕ್ಕಿಂತ ಕಡಿಮೆ ಇದ್ದಾಗ ಮಾತ್ರ ಆಗುತ್ತಿತ್ತು. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಎಲ್ಲರೂ ಹೇಳಿದ್ದು ಒಂದೇ: ‘ಮೈಕೋ ಪಂಪ್ ಹೋಗಿದೆ’. ಅಂದರೆ ಇಂಜಿನ್ನಿಗೆ ಜೋರು ಒತ್ತಡದಲ್ಲಿ ಡೀಸೆಲ್ ಕೊಡುವ ದೊಡ್ಡ ಪಂಪ್. ಮೈಕೋ ಹೆಸರು 2008ರಲ್ಲೇ ಬಾಷ್ ಅಂತ ಬದಲಾಯಿತು. ನಮ್ಮ ಕಡೆ ಗ್ಯಾರೇಜ್‌ಗಳಲ್ಲಿ ಇವತ್ತಿಗೂ ಅದು ಮೈಕೋ ಪಂಪೇ. ನಾನೂ ನಂಬಿದೆ. ದೊಡ್ಡ ಪಂಪ್ ಬಿಚ್ಚಿ ಕ್ಯಾಲಿಬ್ರೇಶನ್‌ಗೆ ಕೊಟ್ಟೆ. ಹತ್ತು ದಿನ ಗಾಡಿ ನಿಂತಿತು. ವಾಪಸ್ ಕೂರಿಸಿ ಟೈಮಿಂಗ್ ಇಟ್ಟು ಸ್ಟಾರ್ಟ್ ಮಾಡಿದರೆ ಶಬ್ದ ಸ್ವಲ್ಪ ನಯವಾಗಿತ್ತು, ಅಷ್ಟೇ. ಮಾರನೇ ದಿನ ಬೆಳಿಗ್ಗೆ ಮತ್ತೆ ಇಪ್ಪತ್ತು ಸಲ ಪ್ರೈಮರ್. ಪಂಪ್ ಅಂಗಡಿಯವರ ತಪ್ಪಲ್ಲ ಅದು. ನಾನು ಕೇಳಿದ ಕೆಲಸವನ್ನು ಅವರು ಸರಿಯಾಗೇ ಮಾಡಿದ್ದರು. ನಾನು ಕೇಳಿದ್ದೇ ಬೇರೆ ಕೆಲಸ.

ಡೀಸೆಲ್ ಹೋಗೋ ದಾರಿಯನ್ನು ಆವಾಗ ಕೂತು ಯೋಚಿಸಿದೆ. ಟ್ಯಾಂಕ್ ಒಳಗಿನ ಕೊಳವೆಯಿಂದ ಮೇಲೆ ಬರುತ್ತದೆ. ಚಾಸಿಸ್ ಪಕ್ಕದ ಪೈಪಿನಲ್ಲಿ ಮುಂದೆ ಹೋಗಿ ಫೀಡ್ ಪಂಪ್ ಸೇರುತ್ತದೆ. ಅದು ದೊಡ್ಡ ಪಂಪಿನ ಪಕ್ಕಕ್ಕೇ ಕಚ್ಚಿಕೊಂಡಿರುವ ಚಿಕ್ಕ ಪಂಪು. ಅಲ್ಲಿಂದ ಬಟ್ಟೆ ಫಿಲ್ಟರ್, ಪೇಪರ್ ಫಿಲ್ಟರ್, ಆಮೇಲೆ ದೊಡ್ಡ ಪಂಪ್, ಕೊನೆಗೆ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನಾಜಲ್. ಮಿಕ್ಕಿದ ಡೀಸೆಲ್ ರಿಟರ್ನ್ ಲೈನಿನಲ್ಲಿ ಟ್ಯಾಂಕಿಗೆ ವಾಪಸ್. ಇದರಲ್ಲಿ ಫೀಡ್ ಪಂಪಿನವರೆಗಿನ ದಾರಿ ಪೂರ್ತಿ ಎಳೆತದ ದಾರಿ. ಅಲ್ಲಿ ತೂತು ಬಿದ್ದರೆ ಡೀಸೆಲ್ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಕೆಳಗೆ ಒಂದು ಹನಿಯೂ ಕಾಣಿಸುವುದಿಲ್ಲ. ರಾತ್ರಿ ಗಾಡಿ ನಿಂತಾಗ ಆ ತೂತಿನಿಂದ ಗಾಳಿ ಸೇರಿ ಪೈಪಿನ ಡೀಸೆಲ್ ಮೆಲ್ಲಗೆ ಟ್ಯಾಂಕಿಗೆ ಇಳಿದುಬಿಡುತ್ತದೆ. ಬೆಳಿಗ್ಗೆ ಲೈನ್ ಖಾಲಿ. ಅದಕ್ಕೇ ಪ್ರೈಮರ್ ಒತ್ತಿದರೆ ಸ್ಟಾರ್ಟ್ ಆಗುತ್ತಿತ್ತು. ಗಾಡಿ ಮೊದಲ ದಿನವೇ ಉತ್ತರ ಹೇಳಿತ್ತು, ನಾನು ಕೇಳಿಸಿಕೊಂಡಿರಲಿಲ್ಲ.

ಮೊದಲು ಕ್ಯಾನ್ ಹಚ್ಚಿ ನೋಡಿದೆ. ಐದು ಲೀಟರ್ ಕ್ಯಾನಿನಲ್ಲಿ ಶುದ್ಧ ಡೀಸೆಲ್ ತುಂಬಿ ಗಟ್ಟಿಯಾಗಿ ಕಟ್ಟಿದೆ. ಅಲ್ಲಿಂದ ಹೊಸ ಪೈಪನ್ನು ನೇರ ಫೀಡ್ ಪಂಪಿಗೆ ಕೊಟ್ಟೆ. ರಾತ್ರಿ ಹಾಗೇ ಬಿಟ್ಟೆ. ಬೆಳಿಗ್ಗೆ ಪ್ರೈಮರ್ ಮುಟ್ಟದೆ ಸ್ಟಾರ್ಟ್ ಆಯಿತು. ಅಲ್ಲಿಗೆ ದೊಡ್ಡ ಪಂಪ್ ತಪ್ಪಿತಸ್ಥ ಅಲ್ಲ ಅಂತ ಗೊತ್ತಾಯಿತು. ಈ ಪರೀಕ್ಷೆಗೆ ಖರ್ಚು ಒಂದು ಕ್ಯಾನ್, ಎರಡು ಮೀಟರ್ ಪೈಪ್. ಯಾರೇ ಪಂಪ್ ಬಿಚ್ಚೋಕೆ ಹೊರಟರೂ ಮೊದಲು ಇದನ್ನು ಮಾಡಿ ಅಂತ ಕೈ ಮುಗಿದು ಕೇಳಿಕೊಳ್ಳುತ್ತೇನೆ.

ಆಮೇಲೆ ಒಂದು ಅಡಿ ಪಾರದರ್ಶಕ ಪೈಪನ್ನು ಫೀಡ್ ಪಂಪಿಗೆ ಬರುವ ಲೈನಿನಲ್ಲಿ, ಪಂಪಿನ ಹತ್ತಿರ ಹಾಕಿದೆ. ಇಂಜಿನ್ ಓಡುವಾಗ ನೋಡಿದರೆ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಸಾಲಾಗಿ ಬರುತ್ತಿದ್ದವು. ಅದೇ ಪೈಪನ್ನು ಟ್ಯಾಂಕಿನ ಹತ್ತಿರಕ್ಕೆ ಸರಿಸಿದೆ. ಅಲ್ಲಿ ಗುಳ್ಳೆ ಇಲ್ಲ. ಅಂದರೆ ಗಾಳಿ ಸೇರುತ್ತಿರೋದು ನಡುವೆ, ಅಲ್ವಾ? ಚಾಸಿಸ್ ಪಕ್ಕ ಮಲಗಿ ಟಾರ್ಚ್ ಬಿಟ್ಟು ನೋಡಿದೆ. ರಬ್ಬರ್ ಹೋಸ್‌ಗಳು ಬಿಸಿಲಿಗೆ ಒಣಗಿ ಗೆರೆ ಬಿಟ್ಟಿದ್ದವು. ಒಂದು ಕಡೆ ಇಲಿ ಕಡಿದಿತ್ತು. ಬೆಲ್ಲದ ಗಾಡಿಗೆ ಇಲಿ ಕಾಟ ತಪ್ಪಿದ್ದಲ್ಲ. ನಡುವೆ ಯಾವನೋ ಹಳೆಯ ಮಾಲೀಕ ತಾಮ್ರದ ಕೊಳವೆ ಸೇರಿಸಿದ್ದ. ತಾಮ್ರ ಅಲುಗಾಟಕ್ಕೆ ಗಟ್ಟಿಯಾಗುತ್ತಾ ಹೋಗುತ್ತದೆ, ಒಂದು ದಿನ ಸೀಳುತ್ತದೆ. ಅದು ಸೀಳುವ ಹಂತದಲ್ಲೇ ಇತ್ತು.

ಎಲ್ಲವನ್ನೂ ಕಿತ್ತೆ. ಉದ್ದಕ್ಕೆ ಉಕ್ಕಿನ ಕೊಳವೆ, ಅಲುಗಾಡುವ ಕಡೆ ಮಾತ್ರ ನೂಲಿನ ಹೆಣಿಗೆ ಇರುವ ನೈಟ್ರೈಲ್ ರಬ್ಬರ್ ಹೋಸ್. ಡೀಸೆಲ್‌ಗೆ ಅಂತ ಮುದ್ರೆ ಇರುವುದನ್ನೇ ತಗೊಂಡೆ. ನೀರಿನ ಪೈಪ್ ಅಗ್ಗ ಅಂತ ಹಾಕಬೇಡಿ, ಡೀಸೆಲ್‌ಗೆ ಅದು ಉಬ್ಬಿ ಮೆತ್ತಗಾಗುತ್ತದೆ. ಜಿಐ ಪೈಪೂ ಬೇಡ. ಅದರ ಸತುವಿನ ಲೇಪ ಡೀಸೆಲ್ ಜೊತೆ ಸೇರಿ ನಾಜಲ್‌ಗೆ ಕಸ ತರುತ್ತದೆ. ಒಳ ಅಳತೆ ಮೊದಲು 8 ಎಂಎಂ ಇತ್ತು, 10 ಮಾಡಿದೆ. ಪೈಪ್ ದಪ್ಪ ಮಾಡಿದರೆ ಪವರ್ ಜಾಸ್ತಿ ಬರುತ್ತದೆ ಅಂತ ಕೆಲವರು ಹೇಳುತ್ತಾರೆ. ಅದು ನಿಜ ಅಲ್ಲ. ಲೆಕ್ಕ ಹಾಕಿ ನೋಡಿ. ಗಂಟೆಗೆ 40 ಕಿಲೋಮೀಟರ್ ವೇಗ, ಲೀಟರಿಗೆ 8 ಕಿಲೋಮೀಟರ್ ಮೈಲೇಜ್ ಅಂದರೆ ಗಂಟೆಗೆ 5 ಲೀಟರ್. ನಿಮಿಷಕ್ಕೆ ಸುಮಾರು 83 ಮಿಲಿ, ಒಂದು ಸಣ್ಣ ಗ್ಲಾಸ್ ಟೀಗಿಂತ ಕಡಿಮೆ. ಅಷ್ಟಕ್ಕೆ 8 ಎಂಎಂ ಧಾರಾಳ ಸಾಕು. ದಪ್ಪ ಪೈಪಿನಿಂದ ಆಗೋ ಲಾಭ ಒಂದೇ, ಫೀಡ್ ಪಂಪ್ ಎಳೆಯೋಕೆ ಕಷ್ಟಪಡೋದಿಲ್ಲ. ಎಳೆತ ಕಡಿಮೆ ಇದ್ದರೆ ಗಾಳಿ ನುಗ್ಗೋದೂ ಕಡಿಮೆ.

ಪೈಪ್ ಕೂಡಿಸುವ, ಒಳಗೆ ತೂತಿರುವ ಬ್ಯಾಂಜೋ ಬೋಲ್ಟ್‌ಗಳ ತಾಮ್ರದ ವಾಷರ್ ಎಲ್ಲಾ ಹೊಸದು ಹಾಕಿದೆ. ಹೊಸದು ಸಿಗದಿದ್ದರೆ ಹಳೆಯದನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿ, ಮತ್ತೆ ಮೆತ್ತಗಾಗುತ್ತದೆ. ಒಮ್ಮೆ ಬಿಗಿದ ವಾಷರ್ ಗಟ್ಟಿಯಾಗಿರುತ್ತದೆ, ಎಷ್ಟು ಬಿಗಿದರೂ ಕೂರುವುದಿಲ್ಲ. ಇಂಥ ಎರಡು ರೂಪಾಯಿ ಸಾಮಾನಿನಿಂದಲೇ ಎಷ್ಟೋ ಗಾಡಿಗಳು ಏರ್ ಲಾಕ್ ಆಗಿ, ಅಂದರೆ ಲೈನಿನಲ್ಲಿ ಗಾಳಿ ಸಿಕ್ಕಿಕೊಂಡು, ದಾರಿಯಲ್ಲಿ ನಿಲ್ಲುತ್ತವೆ. ಕ್ಲ್ಯಾಂಪ್‌ಗಳೂ ಅಷ್ಟೆ. ಅಂಚು ಚೂಪಾಗಿರುವ ಕ್ಲ್ಯಾಂಪ್ ಜಾಸ್ತಿ ಬಿಗಿದರೆ ಹೋಸನ್ನೇ ಕತ್ತರಿಸುತ್ತದೆ. ಒಳಗಡೆ ನುಣುಪಾಗಿರುವುದನ್ನು ಹುಡುಕಿ ತಂದೆ.

ಬೆಳಗಿನ ತೊಂದರೆ ಅಲ್ಲಿಗೆ ಮುಗಿಯಿತು. ಆದರೆ ಮೇಲುಕೋಟೆ ಬೆಟ್ಟದಲ್ಲಿ ಗಾಡಿ ಮತ್ತೆ ಜಗ್ಗಿತು.

ಆ ದಿನ ನಿಜಕ್ಕೂ ಬೇಜಾರಾಯಿತು. ಬೆಟ್ಟದ ತಿರುವಿನಲ್ಲಿ ಗಾಡಿ ನಿಲ್ಲಿಸಿ ಟ್ಯಾಂಕಿಗೆ ಕಡ್ಡಿ ಇಳಿಸಿ ನೋಡಿದೆ. ಅರ್ಧಕ್ಕಿಂತ ಸ್ವಲ್ಪ ಕೆಳಗೆ ಇತ್ತು. ಆಗ ಹೊಳೆಯಿತು. ಟ್ಯಾಂಕಿನ ಹತ್ತಿರ ಗುಳ್ಳೆ ಇಲ್ಲ ಅಂತ ನೋಡಿದ್ದು ಟ್ಯಾಂಕ್ ತುಂಬಿದ್ದ ದಿನ! ಮನೆಗೆ ಬಂದು ಒಳಗಿನ ಎಳೆಯುವ ಕೊಳವೆಯನ್ನು ಹೊರಗೆ ತೆಗೆದೆ. ಕೆಳಗಿನ ತುದಿಯನ್ನು ಬೆರಳಲ್ಲಿ ಮುಚ್ಚಿ, ನೀರಿನ ಬಕೆಟ್‌ನಲ್ಲಿ ಮುಳುಗಿಸಿ, ಮೇಲಿಂದ ಹೋಸ್ ಹಾಕಿ ಊದಿದೆ. ಸರಿಯಾಗಿ ನಡುವಿನಿಂದ ಗುಳ್ಳೆ ಬಂತು. ಬೆಸುಗೆಯ ಪಕ್ಕ ಕೂದಲೆಳೆಯಷ್ಟು ಸೀಳು. ಡೀಸೆಲ್ ಮಟ್ಟ ಅದರ ಮೇಲಿದ್ದಾಗ ಸೀಳಿನಿಂದ ಡೀಸೆಲ್ಲೇ ಒಳಗೆ ಹೋಗುತ್ತಿತ್ತು, ತೊಂದರೆ ಇಲ್ಲ. ಮಟ್ಟ ಕೆಳಗಿಳಿದರೆ, ಅದರಲ್ಲೂ ಬೆಟ್ಟ ಹತ್ತುವಾಗ ಡೀಸೆಲ್ ಹಿಂದಕ್ಕೆ ಸರಿದರೆ, ಗಾಳಿ ಎಳೆಯುತ್ತಿತ್ತು. ಕೊಳವೆಯನ್ನು ಬಿಚ್ಚಿಕೊಂಡು ಹೋಗಿ ಹಿತ್ತಾಳೆ ಬೆಸುಗೆ ಹಾಕಿಸಿದೆ. ಟ್ಯಾಂಕಿನ ಹತ್ತಿರ ಮಾತ್ರ ಬೆಂಕಿ ತರಬೇಡಿ. ಡೀಸೆಲ್ ಖಾಲಿಯಾದ ಟ್ಯಾಂಕಿನಲ್ಲಿ ಆವಿ ಇರುತ್ತದೆ, ಸಿಡಿಯುತ್ತದೆ.

ಇನ್ನು ಫೀಡ್ ಪಂಪ್. ಇದನ್ನು ಬದಲಿಸೋಕೆ ಬೇರೆ ಕಾರಣ ಇತ್ತು. ಇಂಜಿನ್ ಆಯಿಲ್ ಡಿಪ್‌ಸ್ಟಿಕ್‌ನಲ್ಲಿ ಕಡಿಮೆಯಾಗೋ ಬದಲು ಏರುತ್ತಿತ್ತು. ಮೂಸಿದರೆ ಡೀಸೆಲ್ ವಾಸನೆ. ಫೀಡ್ ಪಂಪಿನ ಪಿಸ್ಟನ್ ಕಡ್ಡಿ ಸವೆದರೆ ಡೀಸೆಲ್ ದೊಡ್ಡ ಪಂಪಿನ ಕ್ಯಾಮ್ ಕಡೆಗೆ ಇಳಿದು ಇಂಜಿನ್ ಆಯಿಲ್‌ಗೆ ಸೇರಿಕೊಳ್ಳುತ್ತದೆ. ಆಯಿಲ್ ತೆಳ್ಳಗಾದರೆ ಬೇರಿಂಗ್ ಉಳಿಯುವುದಿಲ್ಲ. ಔಟ್‌ಲೆಟ್‌ಗೆ ಒತ್ತಡ ಅಳೆಯುವ ಗೇಜ್ ಹಾಕಿದಾಗ ಐಡ್ಲಿಂಗ್‌ನಲ್ಲಿ ಅರ್ಧ ಬಾರ್ ಕೂಡ ತೋರಿಸಲಿಲ್ಲ, ಒಂದು ಬಾರ್ ಆದರೂ ಬೇಕು. ರಿಪೇರಿ ಕಿಟ್ ಹಾಕಿ ಅಂದರು. ಕಿಟ್‌ನಲ್ಲಿ ಬರೋದು ವಾಲ್ವ್, ಸ್ಪ್ರಿಂಗ್, ರಿಂಗ್. ವಾಲ್ವ್ ಮಾತ್ರ ಹೋಗಿದ್ದರೆ ಕಿಟ್ ಸಾಕು. ಬೋರೇ ಸವೆದಿದ್ದರೆ ಕಿಟ್ ಸುಮ್ನೆ ದಂಡ. ಪೂರ್ತಿ ಹೊಸ ಪಂಪೇ ತಂದೆ. ಹೊಸ ಗ್ಯಾಸ್ಕೆಟ್ ಇಟ್ಟು ಬೋಲ್ಟ್‌ಗಳನ್ನು ಸಮನಾಗಿ ಬಿಗಿದೆ. ಇನ್‌ಲೆಟ್ ಯಾವುದು, ಔಟ್‌ಲೆಟ್ ಯಾವುದು ಅಂತ ಎರಡೆರಡು ಸಲ ನೋಡಿದೆ. ಆಯಿಲನ್ನೂ ಫಿಲ್ಟರನ್ನೂ ಅವತ್ತೇ ಬದಲಿಸಿದೆ.

ಅದರ ಜೊತೆಗೆ ಟ್ಯಾಂಕಿನ ಹತ್ತಿರ ಒಂದು ಚಿಕ್ಕ 12 ವೋಲ್ಟ್ ಎಲೆಕ್ಟ್ರಿಕ್ ಪಂಪ್ ಹಾಕಿದೆ. ಇದು ಬೇಕೇ ಬೇಕು ಅಂತಿಲ್ಲ, ಏರ್ ತೆಗೆಯೋಕೆ ಅನುಕೂಲ. ಎಲೆಕ್ಟ್ರಿಕ್ ಪಂಪ್ ತಳ್ಳೋದರಲ್ಲಿ ಜೋರು, ಎಳೆಯೋದರಲ್ಲಿ ಅಲ್ಲ. ಅದಕ್ಕೆ ಟ್ಯಾಂಕಿನ ಪಕ್ಕ, ತಗ್ಗಿನಲ್ಲೇ ಇರಬೇಕು. ಟ್ಯಾಂಕಿಗೂ ಅದಕ್ಕೂ ನಡುವೆ ನೀರು ಬೇರೆ ಮಾಡುವ ಫಿಲ್ಟರ್ ಇಟ್ಟೆ. ಪಂಪ್ ಡೀಸೆಲ್‌ಗೆ ಅಂತಲೇ ಮಾಡಿದ್ದಾಗಿರಬೇಕು, ಒತ್ತಡ ಕಡಿಮೆ ಇರಬೇಕು, ಆಫ್ ಇದ್ದಾಗಲೂ ಡೀಸೆಲ್ ಹಾದುಹೋಗಲು ಬಿಡಬೇಕು. ಇಲ್ಲದಿದ್ದರೆ ಅದು ಕೆಟ್ಟ ದಿನ ಗಾಡಿಯೂ ನಿಲ್ಲುತ್ತದೆ. ವೈರಿಂಗ್ ರಿಲೇ ಮೂಲಕ ಕೊಟ್ಟೆ, ಬೇರೆ ಫ್ಯೂಸ್ ಹಾಕಿದೆ. ಆಯಿಲ್ ಪ್ರೆಷರ್ ಸ್ವಿಚ್‌ಗೆ ಸೇರಿಸಿದ್ದರಿಂದ ಇಂಜಿನ್ ನಿಂತರೆ ಪಂಪೂ ನಿಲ್ಲುತ್ತದೆ. ಅಪಘಾತವಾಗಿ ಪೈಪ್ ಕಿತ್ತುಹೋದರೆ ಪಂಪ್ ಡೀಸೆಲ್ ಸುರಿಯುತ್ತಾ ಇರಬಾರದು. ಇಂಜಿನ್ ನಿಂತಿರುವಾಗ ಏರ್ ತೆಗೆಯೋಕೆ ಮಾತ್ರ ಬೇರೆ ಒಂದು ಒತ್ತು ಬಟನ್.

ಆ ಬಟನ್ ಮೊದಲ ಸಲ ಒತ್ತಿದಾಗ ಒಂದು ವಿಷಯ ಕಂಡಿತು. ಎಳೆತದ ದಾರಿ ಈಗ ತಳ್ಳುವ ದಾರಿಯಾಗಿತ್ತು. ನಾನು ಚೆನ್ನಾಗಿ ಬಿಗಿದಿದ್ದೇನೆ ಅಂದುಕೊಂಡಿದ್ದ ಒಂದು ಜಾಯಿಂಟಿನಿಂದ ಹನಿ ಇಳಿಯಿತು. ಕಾಣದೆ ಇದ್ದ ಸೋರಿಕೆ ಕಣ್ಣಿಗೆ ಬಿತ್ತು. ವಾಷರ್ ಓರೆಯಾಗಿ ಕೂತಿತ್ತು, ಸರಿಮಾಡಿದೆ. ಸೋರುವ ಲೈನನ್ನು ಹಾಗೇ ಬಿಟ್ಟು ಎಲೆಕ್ಟ್ರಿಕ್ ಪಂಪ್ ಹಾಕಿ ಮುಚ್ಚಿಬಿಡೋದು ನನಗೆ ಸರಿ ಕಾಣುವುದಿಲ್ಲ. ಮೊದಲು ಲೈನ್ ಸರಿಮಾಡಿ, ಆಮೇಲೆ ಪಂಪ್.

ಏರ್ ತೆಗೆದ ಕ್ರಮ ಇದು. ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಂತು ಡೀಸೆಲ್ ಒಂದೇ ಧಾರೆಯಾಗಿ ಬರುವಾಗಲೇ ಬಿಗಿದೆ. ಆಮೇಲೆ ದೊಡ್ಡ ಪಂಪಿನ ಸ್ಕ್ರೂ ಹಾಗೇ. ಕೊನೆಗೆ ನಾಜಲ್ ಪೈಪುಗಳ ನಟ್ಟನ್ನು ಒಂದೊಂದಾಗಿ ಸಡಿಲಿಸಿ ಹುಡುಗನಿಗೆ ಸೆಲ್ಫ್ ಹೊಡೆಯಲು ಹೇಳಿದೆ, ಒಂದು ಸಲಕ್ಕೆ ಹತ್ತು ಸೆಕೆಂಡ್ ಮೀರದಂತೆ. ಈ ಹೊತ್ತಿನಲ್ಲಿ ಕೈ ದೂರ ಇರಲಿ. ನಾಜಲ್ ಕಡೆಯ ಒತ್ತಡ ನೂರಾರು ಬಾರ್. ಆ ಸಣ್ಣ ಧಾರೆ ಚರ್ಮ ಸೀಳಿ ಒಳಗೆ ಹೋಗಬಲ್ಲದು. ಗಾಯ ಚಿಕ್ಕದಾಗಿ ಕಂಡರೂ ತಕ್ಷಣ ಆಸ್ಪತ್ರೆಗೆ ಓಡಬೇಕು.

ಇದಾಗಿ ಒಂದು ಬೆಲ್ಲದ ಹಂಗಾಮು ಪೂರ್ತಿ ಕಳೆದಿದೆ. ಬೆಳಿಗ್ಗೆ ಅರ್ಧ ಸುತ್ತಿಗೇ ಸ್ಟಾರ್ಟ್. ಹೋದ ವಾರ ಕಾಲು ಟ್ಯಾಂಕ್ ಡೀಸೆಲ್‌ನಲ್ಲಿ, ತುಂಬಿದ ಲೋಡಿನಲ್ಲಿ ಮೇಲುಕೋಟೆ ಹತ್ತಿಸಿದೆ. ಎಲ್ಲೂ ಜಗ್ಗಲಿಲ್ಲ. ಆ ಪಾರದರ್ಶಕ ಪೈಪಿನ ತುಂಡು ಇನ್ನೂ ಟೂಲ್ ಬಾಕ್ಸ್‌ನಲ್ಲೇ ಇದೆ. ತಿಂಗಳಿಗೊಮ್ಮೆ ಹಾಕಿ ನೋಡುತ್ತೇನೆ. ರಿಟರ್ನ್ ಲೈನಿನ ಎರಡು ಹೋಸ್ ಮಾತ್ರ ಹಳೆಯದೇ ಉಳಿದಿವೆ. ಮುಂದಿನ ಗಾಣ ಶುರುವಾಗೋ ಮುಂಚೆ ಅವನ್ನೂ ಬದಲಿಸಬೇಕು.