ಉಗ್ಗು ಇದ್ರೂ ಸ್ಪೀಚ್ ಥೆರಪಿಸ್ಟ್ ಆಗೋದು ಹೆಂಗೆ

ದಾವಣಗೆರೆ ಕಡೆ ಹುಡುಗ್ರು ಕೇಳ್ತಿರ್ತಾರೆ, ಅಣ್ಣಾ ನಂಗೇ ಮಾತು ಸಿಕ್ಕಾಕ್ಕೊಳ್ಳುತ್ತೆ, ಬೇರೆಯೋರಿಗೆ ಏನು ಥೆರಪಿ ಕೊಡ್ಲಿ ಅಂತ. ಧಾರಾಳವಾಗಿ ಕೊಡಬೋದು. ಅಮೆರಿಕದ ಸ್ಪೀಚ್ ಥೆರಪಿಸ್ಟ್ ಚಾರ್ಲ್ಸ್ ವ್ಯಾನ್ ರೈಪರ್ ಸ್ವತಃ ಉಗ್ಗುತ್ತಿದ್ದೋರು, ಇವತ್ತಿಗೂ ಉಗ್ಗಿನ ಥೆರಪಿ ಪಾಠದಲ್ಲಿ ಅವ್ರ ಹೆಸರು ಬರುತ್ತೆ.

ಪಿಯುಸಿಲಿ ಸೈನ್ಸ್ ತಗೊಳ್ಳಿ. ಆಮೇಲೆ ಬಿಎಎಸ್‌ಎಲ್‌ಪಿ (ಮಾತು-ಕೇಳುವಿಕೆ ಚಿಕಿತ್ಸೆಯ ಡಿಗ್ರಿ), ಇಂಟರ್ನ್‌ಶಿಪ್ ಸೇರಿ 4 ವರ್ಷ, ಮೈಸೂರಿನ ಮಾನಸಗಂಗೋತ್ರಿಲಿರೋ ವಾಕ್ ಶ್ರವಣ ಸಂಸ್ಥೆಗೆ ಎಂಟ್ರೆನ್ಸ್ ಬರೀರಿ. ಮುಗಿದ್ಮೇಲೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ರಿಜಿಸ್ಟ್ರೇಷನ್ ಮಾಡಿಸ್ಕೊಳ್ಳಿ.

ಇದೆಲ್ಲ ಸುಲಭ ಬಿಡಿ, ಕಷ್ಟ ಇರೋದು ಉಗ್ಗು ಮುಚ್ಚಿಡೋ ಚಟ ಬಿಡೋದ್ರಲ್ಲಿ. 'ಬ' ಬರಲ್ಲ ಅಂತ ಬೆಣ್ಣೆ ದೋಸೆ ಆಸೆ ಇದ್ರೂ ಇಡ್ಲಿ ಅಂದು ತಿಂದು ಎದ್ದು ಬರೋರು ನಮ್ಮೂರಲ್ಲೇ ಇದಾರೆ (ದಾವಣಗೆರೆಲಿದ್ದು ಇಡ್ಲಿ ತಿನ್ನೋ ಕರ್ಮ!). ಹೋಟೆಲ್‌ಗೆ ಹೋಗಿ ಬೆಣ್ಣೆ ದೋಸೆನೇ ಕೇಳ್ರಿ, ಸಿಕ್ಕಾಕ್ಕೊಂಡ್ರೆ ಪದ ಪೂರ್ತಿ ಮುಗಿಸಿ, ಒಂಚೂರು ನಿಲ್ಲಿಸಿ, ತುಟಿ ಸಡಿಲ ಬಿಟ್ಟು ಅದೇ ಪದ ನಿಧಾನಕ್ಕೆ ಇನ್ನೊಂದ್ಸಲ ಹೇಳಿ, ಸಪ್ಲೈಯರ್ ಮುಖ ನೋಡಿದ್ರೆ ನೋಡ್ಲಿ, ಇದಕ್ಕೆ ಕ್ಯಾನ್ಸಲೇಷನ್ ಅಂತಾರೆ, ವ್ಯಾನ್ ರೈಪರ್ ಹೇಳಿಕೊಟ್ಟಿದ್ದೇ. ಇಂಟರ್‌ವ್ಯೂಲೂ ಕೂತ ತಕ್ಷಣ "ನಾನು ಉಗ್ಗುತ್ತೀನಿ, ಸ್ವಲ್ಪ ಟೈಮ್ ಬೇಕು" ಅಂದ್ಬಿಡಿ, ಅರ್ಧ ಟೆನ್ಷನ್ ಅಲ್ಲೇ ಇಳಿಯುತ್ತೆ.

ಕ್ಲಿನಿಕ್‌ನಲ್ಲಿ ಮಗು ತಡವರಿಸಿದ್ರೆ ಪದ ನೀವು ತುಂಬಬೇಡಿ, ಕಾಯಿರಿ. "ನಿಧಾನ ಮಾತಾಡೋ" ಅಂತ ಗದರೋ ಅಪ್ಪ ಅಮ್ಮಂಗೆ, ಅದರ ಬದ್ಲು ನೀವೇ ನಿಧಾನಕ್ಕೆ ಮಾತಾಡಿ ಅಂತ ಹೇಳಿ. ನಿಮ್ಮ ಕಥೆ ಮಾತ್ರ ಜಾಸ್ತಿ ಕೊರೀಬೇಡಿ, ಒಬ್ಬೊಬ್ರ ಉಗ್ಗು ಒಂದೊಂದು ಥರ.