ಇಂಗ್ಲೆಂಡಿನಲ್ಲಿ ಸಾಲಿಸಿಟರ್ ಹಿಡಿಯುವ ಮುನ್ನ

ಊರಲ್ಲಾದರೆ ಮನೆ ಕೊಳ್ಳುವವರು ಮುಂಗಡ ಕೊಟ್ಟು, ಕರಾರು ಬರೆಸಿ, ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಹೆಬ್ಬೆಟ್ಟು ಒತ್ತಿ ಬರುತ್ತಾರೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹಾಗೆ ಖುದ್ದಾಗಿ ಹಾಜರಾಗುವ ಪ್ರಮೇಯವೇ ಇಲ್ಲ. ಪತ್ರ ಪರಿಶೀಲನೆಯಿಂದ ಹಿಡಿದು ಲ್ಯಾಂಡ್ ರಿಜಿಸ್ಟ್ರಿಯ ನೋಂದಣಿವರೆಗೆ ಎಲ್ಲವನ್ನೂ ನಿಮ್ಮ ಸಾಲಿಸಿಟರ್, ಅಂದರೆ ಇಂಥ ಕಾಗದಪತ್ರದ ಕೆಲಸ ನೋಡುವ ವಕೀಲರು, ಮಾಡುತ್ತಾರೆ. (ಸ್ಕಾಟ್ಲೆಂಡಿನ ಕಾನೂನೇ ಬೇರೆ.) ಇದಕ್ಕೆ ಲಂಡನ್ನಿನ ದೊಡ್ಡ ಕಂಪನಿ ಬೇಕಿಲ್ಲ, ಪೇಟೆಬೀದಿಯಲ್ಲಿ ನಾಲ್ಕೈದು ವಕೀಲರಿರುವ ಕಚೇರಿ ಸಾಕು. ಹೆಸರು ಸಾಲಿಸಿಟರುಗಳ ನಿಯಂತ್ರಣ ಸಂಸ್ಥೆಯಾದ ಎಸ್‌ಆರ್‌ಎ ಪಟ್ಟಿಯಲ್ಲಿದೆಯೇ ಎಂದು ಮಾತ್ರ ನೋಡಿಕೊಳ್ಳಿ.

ನಮ್ಮವರು ಮುಗ್ಗರಿಸುವುದು ಕಾನೂನಿನಲ್ಲಲ್ಲ, ದುಡ್ಡಿನ ಮೂಲದಲ್ಲಿ. ಅಪ್ಪ ಮೈಸೂರಿನ ಸೈಟು ಮಾರಿ ಹಣ ಕಳಿಸಿದರೆನ್ನಿ. ಸಾಲಿಸಿಟರ್ ಕ್ರಯಪತ್ರ ಕೇಳುತ್ತಾರೆ, ಅದು ಕನ್ನಡದಲ್ಲಿದ್ದರೆ ಅನುವಾದ ಕೇಳುತ್ತಾರೆ, ಅಪ್ಪನ ಬ್ಯಾಂಕ್ ಸ್ಟೇಟ್‌ಮೆಂಟು ಕೇಳುತ್ತಾರೆ. ಮಧ್ಯೆ ಚಿಕ್ಕಪ್ಪನ ಖಾತೆಗೆ ಹೋಗಿ ಬಂದಿದ್ದರೆ ಅದಕ್ಕೂ ವಿವರಣೆ ಬೇಕು. ಸಾಲ ಕೊಡುವ ಬ್ಯಾಂಕಿಗೆ ‘ಇದು ಉಡುಗೊರೆ, ವಾಪಸ್ ಕೇಳುವುದಿಲ್ಲ, ಮನೆಯಲ್ಲಿ ಪಾಲೂ ಬೇಡ’ ಎಂದು ಅಪ್ಪ ಬರೆದುಕೊಡಬೇಕಾಗುತ್ತದೆ. ಇದನ್ನು ಅವಮಾನ ಎಂದುಕೊಳ್ಳಬೇಡಿ. ಕಪ್ಪುಹಣ ತಡೆಯುವ ಕಾನೂನು ಅವರ ತಲೆಯ ಮೇಲೂ ತೂಗುತ್ತಿರುತ್ತದೆ. ಮನೆ ನೋಡಲು ಶುರುಮಾಡಿದ ದಿನವೇ ಈ ಕಾಗದಗಳನ್ನು ಒಂದು ಫೋಲ್ಡರಿಗೆ ಹಾಕಿಡಿ. ಕರಾರು ವಿನಿಮಯ (ಎರಡೂ ಕಡೆಯವರು ಸಹಿ ಹಾಕಿದ ಕರಾರುಗಳನ್ನು ಬದಲಾಯಿಸಿಕೊಳ್ಳುವುದು) ಆಗುವವರೆಗೆ ಮಾರುವವರು ಬೇರೆಯವರಿಗೆ ಮಾತು ಕೊಡಬಹುದು, ನೀವೂ ಹಿಂದೆ ಸರಿಯಬಹುದು. ಕಾಗದ ತಡವಾದಷ್ಟೂ ಮನೆ ಕೈತಪ್ಪುವ ಅಪಾಯ ಹೆಚ್ಚು.

ಹಣ ಕಳಿಸುವ ಹೊತ್ತಿಗೆ ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ’ ಎಂಬ ಇಮೇಲ್ ಬಂದರೆ ನಂಬಬೇಡಿ. ಮೊದಲ ದಿನ ಕೊಟ್ಟ ನಂಬರಿಗೆ ಫೋನ್ ಮಾಡಿ ಕೇಳಿ.

ಫೀಸಿನ ಮಾತು. ಮನೆ ಖರೀದಿ, ವೀಸಾ, ಕೆಲಸದಿಂದ ತೆಗೆದ ದೂರು ಮುಂತಾದ ಕೆಲವು ಕೆಲಸಗಳ ದರವನ್ನು ಕಚೇರಿಗಳು ತಮ್ಮ ವೆಬ್‌ಸೈಟಿನಲ್ಲಿ ಹಾಕಲೇಬೇಕೆಂಬ ನಿಯಮ 2018ರ ಡಿಸೆಂಬರಿನಿಂದ ಇದೆ. ಗಂಟೆ ಲೆಕ್ಕದ ಕೆಲಸವಾದರೆ ಸಾಮಾನ್ಯವಾಗಿ 6 ನಿಮಿಷಕ್ಕೊಂದು ಯೂನಿಟ್. ‘ಏನಾಯ್ತು ಸಾರ್’ ಎಂದು ಕೇಳುವ ಪುಟ್ಟ ಫೋನಿಗೂ ಬಿಲ್ಲು ಬರಬಹುದು. ಹೇಳಿದ ಮೊತ್ತದಲ್ಲಿ 20% ವ್ಯಾಟ್, ಸರ್ಚ್ ಫೀಸು (ಆಸ್ತಿಯ ಬಗ್ಗೆ ಸ್ಥಳೀಯ ಆಡಳಿತ ಮುಂತಾದ ಕಡೆ ಮಾಹಿತಿ ತೆಗೆಸುವ ಖರ್ಚು) ಸೇರಿವೆಯೇ ಎಂದು ಬರವಣಿಗೆಯಲ್ಲಿ ಕೇಳಿ.

ದೋಸೆ ಹೋಟೆಲಿಗೆ ಅಂಗಡಿ ಬಾಡಿಗೆ ಹಿಡಿಯುವವರು ಲೀಸನ್ನು ವಕೀಲರಿಗೆ ತೋರಿಸದೆ ಸಹಿ ಹಾಕುವುದು ಶುದ್ಧ ಹುಚ್ಚುತನ. ಇಡೀ ರಿಪೇರಿ ಬಾಡಿಗೆದಾರನದೇ ಎಂದಿದ್ದರೆ ಸೋರುವ ಛಾವಣಿಯ ಖರ್ಚೂ ನಿಮ್ಮ ತಲೆಗೇ. ವ್ಯಾಪಾರದ ಬಾಡಿಗೆದಾರರಿಗಿರುವ 1954ರ ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಕಾಯ್ದೆಯ ರಕ್ಷಣೆಯನ್ನು ಬಿಟ್ಟುಕೊಟ್ಟಿದ್ದರೆ ಅವಧಿ ಮುಗಿದ ಮೇಲೆ ಮುಂದುವರಿಯುವ ಹಕ್ಕೂ ಇರುವುದಿಲ್ಲ.

ಕಂಪನಿ ನಿಮ್ಮನ್ನು ಕೆಲಸದಿಂದ ಕಳಿಸಿ, ಪರಿಹಾರ ಕೊಟ್ಟು, ಕೇಸು ಹಾಕುವುದಿಲ್ಲವೆಂದು ಸಹಿ ಕೇಳಿದರೆ ಸ್ವತಂತ್ರ ಸಲಹೆ ಇಲ್ಲದೆ ಆ ಒಪ್ಪಂದ ಊರ್ಜಿತವಾಗದು. ಸಲಹೆಯ ಫೀಸಿಗೆ ಬಹುತೇಕ ಕಂಪನಿಯೇ ಒಂದಿಷ್ಟು ಕೊಡುತ್ತದೆ.

ಉಯಿಲಿಗೆ ಇಬ್ಬರು ಸಾಕ್ಷಿ ಬೇಕು. ಆಸ್ತಿ ಪಡೆಯುವವರಾಗಲಿ ಅವರ ಗಂಡ-ಹೆಂಡತಿಯಾಗಲಿ ಸಾಕ್ಷಿ ಹಾಕಿದರೆ ಅವರ ಪಾಲು ಹೋಗುತ್ತದೆ. ಊರಿನ ಆಸ್ತಿಗೆ ಬೇರೆ ಉಯಿಲು ಮಾಡಿಸಿದ್ದರೆ ಇಲ್ಲಿಯ ವಕೀಲರಿಗೆ ಮೊದಲೇ ಹೇಳಿ. ‘ಹಿಂದಿನ ಎಲ್ಲ ಉಯಿಲುಗಳೂ ರದ್ದು’ ಎಂಬ ಮಾಮೂಲಿ ಸಾಲು ಅದನ್ನೂ ಅಳಿಸಿಹಾಕೀತು.

ಕೆಲಸ ಕೆಟ್ಟರೆ ಮೊದಲು ಆ ಕಚೇರಿಗೇ ಲಿಖಿತ ದೂರು ಕೊಡಿ. 8 ವಾರದಲ್ಲಿ ಇತ್ಯರ್ಥವಾಗದಿದ್ದರೆ ವಕೀಲರ ಸೇವೆಯ ಮೇಲಿನ ದೂರು ವಿಚಾರಿಸುವ ಲೀಗಲ್ ಓಂಬುಡ್ಸ್‌ಮನ್ ಬಳಿ ಹೋಗಬಹುದು. ಅಲ್ಲಿ ನಿಮಗೆ ಖರ್ಚಿಲ್ಲ.